ಗಾರೆ ಕೆಲಸ ಬರದ ನಾನು ಹೊರದೇಶಕ್ಕೆ ಹೋಗಿ ಮನೆ ಕಟ್ಟುವುದರಿಂದ ಉಪಯೋಗ ಇದೆಯಾ?

ಪ್ರಶ್ನೆ: ಮನೆ ಮಠ ಕಳೆದುಕೊಂಡು ದಿಕ್ಕಾಪಾಲಾದ ಕುಟುಂಬಗಳಿಗೆ ಮನೆ ಕಟ್ಟಿಕೊಡುವ ಸಂಸ್ಥೆಯೊಂದರ ಜೊತೆ ಎರಡು ವಾರ ಹೊರದೇಶಕ್ಕೆ ಹೋಗಬೇಕು ಅಂತ ತುಂಬ ಆಸೆ. ಆದರೆ ನನಗೆ ಗಾರೆ ಕೆಲಸ ಬರಲ್ಲ. ವಿಮಾನದ ಖರ್ಚು, ಊಟ, ವಸತಿ ಎಲ್ಲ ನಾನೇ ನೋಡಿಕೊಳ್ಳಬೇಕಂತೆ. ನಾನು ಹೋಗುವುದರಿಂದ ಅವರಿಗೆ ನಿಜಕ್ಕೂ ಉಪಯೋಗ ಇದೆಯಾ? ಇಲ್ಲ, ಆ ದುಡ್ಡನ್ನೇ ಕಳಿಸಿಬಿಡುವುದು ಒಳ್ಳೆಯದಾ?

ಉತ್ತರ: ಕಷ್ಟದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ಬೇಗ ಏಳಲಿ ಅನ್ನುವುದೊಂದೇ ನಿಮ್ಮ ಆಸೆಯಾದರೆ ದುಡ್ಡು ಕಳಿಸಿ. ಒಬ್ಬರ ವಿಮಾನದ ಟಿಕೆಟ್ಟಿನ ಹಣದಲ್ಲಿ ಬಡ ದೇಶವೊಂದರ ಮೇಸ್ತ್ರಿಗೆ ಎಷ್ಟೋ ವಾರಗಳ ಕೂಲಿ ಕೊಡಬಹುದು. ಅವನು ಏರಿಸುವಷ್ಟು ನೇರವಾದ ಗೋಡೆಯನ್ನು ಹೊಸಬರು ಹತ್ತು ಜನ ಸೇರಿದರೂ ಏರಿಸಲಾರರು. ಬಹಳ ಸಲ ಆ ಮೇಸ್ತ್ರಿಯೂ ಮನೆ ಕಳೆದುಕೊಂಡವನೇ ಆಗಿರುತ್ತಾನೆ. ಅವನ ಕೆಲಸವನ್ನು ನಾವು ಪುಕ್ಕಟೆ ಮಾಡಿಕೊಟ್ಟರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ, ಅಲ್ವಾ?

ಹಾಗಂತ ಹೋಗಲೇಬೇಡಿ ಎನ್ನುತ್ತಿಲ್ಲ. ಮೇಸ್ತ್ರಿಯಾಗಿ ಹೋಗಬೇಡಿ, ಕೈಯಾಳಾಗಿ ಹೋಗಿ. ಅಲ್ಲಿನ ಮೇಸ್ತ್ರಿಯೇ ಯಜಮಾನ, ಅವನಿಗೆ ಸರಿಯಾದ ಕೂಲಿ ಸಿಗುತ್ತದೆ, ನೀವು ಅವನು ಹೇಳಿದ್ದನ್ನು ಮಾಡುತ್ತೀರಿ. ಹೀಗಿದ್ದಾಗ ಗಾರೆ ಕೆಲಸ ಬರದವರಿಗೂ ಜಾಗ ಇದೆ.

ಈ ದಾರಿಯನ್ನು ಜಗತ್ತಿಗೆ ಪರಿಚಯ ಮಾಡಿಸಿದವರಲ್ಲಿ ದೊಡ್ಡ ಹೆಸರು ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ. ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1973ರಲ್ಲಿ ಆಫ್ರಿಕಾದ ಜೈರ್‌ಗೆ ಹೋಗಿ ಅಲ್ಲಿ ಮನೆ ಕಟ್ಟಿಸುವ ಕೆಲಸ ಮಾಡಿದರು. ಜೈರ್ ಎಂದರೆ ಇಂದಿನ ಕಾಂಗೋ. ವಾಪಸ್ ಬಂದು 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನಲ್ಲಿ ಈ ಸಂಸ್ಥೆ ಶುರು ಮಾಡಿದರು. ಅವರ ಯೋಚನೆ ಸರಳವಾಗಿತ್ತು. ಮನೆ ಸುಮ್ನೆ ಕೊಡುವ ದಾನ ಅಲ್ಲ. ಮನೆಯವರೂ ನೂರಾರು ಗಂಟೆ ಮೈಮುರಿದು ದುಡಿಯಬೇಕು, ಲಾಭವಿಲ್ಲದ ಬೆಲೆಯನ್ನು ಕಂತಿನಲ್ಲಿ ತೀರಿಸಬೇಕು. ಆ ದುಡಿಮೆಯೇ ಅವರ ಬೆವರಿನ ಪಾಲು. ಹೊರಗಿನಿಂದ ಬಂದವರು ಅವರ ಜೊತೆ ಕೈಜೋಡಿಸುತ್ತಾರೆ, ಅಷ್ಟೇ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ರೋಸಲಿನ್ ಕಾರ್ಟರ್ 1984ರಲ್ಲಿ ನ್ಯೂಯಾರ್ಕ್‌ನ ಹಳೇ ಕಟ್ಟಡವೊಂದರಲ್ಲಿ ಈ ಕೆಲಸಕ್ಕೆ ಇಳಿದರು. ಆಮೇಲೆ 35 ವರ್ಷ ಬಿಡಲಿಲ್ಲ. 14 ದೇಶಗಳಲ್ಲಿ 4 ಸಾವಿರಕ್ಕೂ ಹೆಚ್ಚು ಮನೆಗಳ ಕೆಲಸದಲ್ಲಿ ಅವರ ಕೈ ಇದೆ. ಕಾರ್ಟರ್ ಮರಗೆಲಸ ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅವರ ಜೊತೆ ಬರುತ್ತಿದ್ದ ಸಾವಿರಾರು ಜನರಲ್ಲಿ ನಿಮ್ಮಂಥವರೇ ಜಾಸ್ತಿ.

ಹಾಗಾದರೆ ಕೈಯಾಳಿಗೆ ಏನು ಕೆಲಸ? ಮರಳು ಜರಡಿ ಹಿಡಿಯುವುದು. ಮಾಲು ಕಲಸುವುದು. ಸಾಲಾಗಿ ನಿಂತು ಇಟ್ಟಿಗೆ, ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವುದು. ಪಾಯ ತೋಡುವುದು, ಬಣ್ಣ ಹೊಡೆಯುವುದು. ಇದರಲ್ಲಿ ಯಾರೂ ಲೆಕ್ಕಕ್ಕೆ ಇಡದ ಒಂದು ಕೆಲಸ ಇದೆ, ನನಗೆ ಅದರ ಮೇಲೆ ತುಂಬ ಗೌರವ. ಅದು ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರುಣಿಸುವುದು. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಬದಲಾಗುತ್ತಾ ಗಟ್ಟಿಯಾಗುತ್ತದೆ. ಬೇಗ ಒಣಗಿಬಿಟ್ಟರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕನಿಷ್ಠ ಮೊದಲ ಒಂದು ವಾರ ಅದು ಒದ್ದೆಯಾಗಿಯೇ ಇರಬೇಕು. ಎಂಜಿನಿಯರುಗಳು ಅದರ ಬಲ ಅಳೆಯುವುದು 28ನೇ ದಿನ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಡದೆ ನೀರು ಹಾಕಲು ಪರಿಣತಿ ಬೇಡ, ಶ್ರದ್ಧೆ ಬೇಕು. ಆ ಶ್ರದ್ಧೆ ನಿಮ್ಮಲ್ಲಿದ್ದರೆ ಆ ಮನೆ ಗಟ್ಟಿಯಾಗುವುದರಲ್ಲಿ ನಿಮ್ಮದೂ ಪಾಲಿದೆ. ಕಂಬದ ಕಬ್ಬಿಣ, ಗೋಡೆಯ ಮೂಲೆ, ಚಾವಣಿ, ಕರೆಂಟಿನ ಕೆಲಸ ಮಾತ್ರ ಬಲ್ಲವರಿಗೇ ಬಿಡಿ. ಹೈಟಿಯಲ್ಲಿ 2010ರ ಜನವರಿ 12ರಂದು ಭೂಮಿ ನಡುಗಿದಾಗ ಅಷ್ಟೊಂದು ಜನ ಸತ್ತದ್ದಕ್ಕೆ ಕಳಪೆ ಕಾಂಕ್ರೀಟು, ಸಾಕಷ್ಟು ಕಬ್ಬಿಣ ಹಾಕದಿದ್ದುದೂ ಕಾರಣ. ಅಲ್ಲಿ ಮತ್ತೆ ಕಟ್ಟುವಾಗ ಇಂಥ ವಿಷಯದಲ್ಲಿ ಕಲಿಯಲು ಬಂದವರ ಕೈಚಳಕ ನಡೆಯಬಾರದು.

ಒಂದು ನೆಲ ಹಾಕುವುದರಿಂದ ಏನು ಮಹಾ ಆಗುತ್ತದೆ ಅಂತ ಅನ್ನಿಸಬಹುದು. ಮೆಕ್ಸಿಕೋದಲ್ಲಿ ಸರ್ಕಾರವೇ ಬಡವರ ಮಣ್ಣಿನ ನೆಲಗಳಿಗೆ ಸಿಮೆಂಟು ಹಾಕಿಸುವ ಯೋಜನೆ ತಂದಿತು. ಕಾಂಕ್ರೀಟಿನ ಲಾರಿ ಬಾಗಿಲಿಗೆ ಬರುತ್ತಿತ್ತು, ಮನೆಯವರೇ ಹರಡಿಕೊಳ್ಳುತ್ತಿದ್ದರು. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮನೆಯ ನೆಲ ಪೂರ್ತಿ ಸಿಮೆಂಟಾದ ಕಡೆ ಮಕ್ಕಳ ಹೊಟ್ಟೆಹುಳದ ಬಾಧೆ ಶೇ. 78ರಷ್ಟು, ಭೇದಿ ಶೇ. 49ರಷ್ಟು ಕಡಿಮೆಯಾಯಿತು. ಬಾಂಡ್ಲಿ ಹೊತ್ತು ಭುಜ ನೋಯುವಾಗ ಇದು ನೆನಪಿರಲಿ. ಹಾಗೆಯೇ, ಅಲ್ಲಿ ಹೊರಗಿನವರ ಕೈ ಬೇಕಾಗಲಿಲ್ಲ ಅನ್ನುವುದೂ ನೆನಪಿರಲಿ.

ನೇಪಾಳದ್ದೂ ಇದೇ ಪಾಠ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಐದು ಲಕ್ಷ ಮನೆಗಳು ಬಿದ್ದವು. ಅಲ್ಲಿನ ಸರ್ಕಾರ ಪ್ರತಿ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಟ್ಟಿತು. ಪಾಯ ಸರಿಯಾಗಿದೆ ಅಂತ ಎಂಜಿನಿಯರ್ ನೋಡಿ ಒಪ್ಪಿದರೆ ಮಾತ್ರ ಮುಂದಿನ ಕಂತು. ಮನೆ ಕಟ್ಟಿಸಿದ್ದು ಮನೆಯವರೇ. ಕಲ್ಲುಗೋಡೆಯ ಒಳಮೈ ಹೊರಮೈ ಎರಡನ್ನೂ ಹಿಡಿದು ನಿಲ್ಲಿಸುವ ಉದ್ದ ಕಲ್ಲು ಎಲ್ಲಿ ಇಡಬೇಕು, ಗೋಡೆಯ ಸುತ್ತ ಪಟ್ಟಿ ಎಲ್ಲೆಲ್ಲಿ ಕಟ್ಟಬೇಕು ಅಂತ ಸಾವಿರಾರು ಮೇಸ್ತ್ರಿಗಳಿಗೆ ತರಬೇತಿ ಕೊಟ್ಟರು. ಅವರು ಕಲಿತದ್ದು ಆ ಊರಲ್ಲೇ ಉಳಿಯಿತು. ನೀವು ಸೇರುವ ಸಂಸ್ಥೆ ಊರಿನ ಮೇಸ್ತ್ರಿಗಳಿಗೆ ಹೀಗೆ ಕಲಿಸುತ್ತದೆಯಾ ಅಂತ ಕೇಳಿ. ನನ್ನ ಮಟ್ಟಿಗೆ ಇದೇ ಮೊದಲ ಪ್ರಶ್ನೆ.

ಎರಡನೆಯದು, ಜಾಗ ಯಾರ ಹೆಸರಲ್ಲಿದೆ? ಜಾಗದ ಕಾಗದ ಸರಿ ಇಲ್ಲದಿದ್ದರೆ ನಾಳೆ ಯಾರೋ ಬಂದು ಎಬ್ಬಿಸಿದರೆ ಆ ಕುಟುಂಬ ಮತ್ತೆ ಬೀದಿಗೆ. ಕಾಗದದಲ್ಲಿ ಹೆಂಡತಿಯ ಹೆಸರೂ ಇದ್ದರೆ ಇನ್ನೂ ಒಳ್ಳೆಯದು. ಗಂಡ ತೀರಿಹೋದರೆ ಅಥವಾ ಬಿಟ್ಟುಹೋದರೆ ಅವಳಿಗೆ ಅದೇ ಆಸರೆ. ಮೂರನೆಯದು, ಮನೆ ಹೇಗಿರಬೇಕು ಅಂತ ಆ ಕುಟುಂಬವನ್ನು ಕೇಳಿದ್ದಾರಾ? 2004ರ ಸುನಾಮಿ ಆದ ಮೇಲೆ ಇಂಡೋನೇಷ್ಯಾದ ಆಚೆ ಎಂಬ ಪ್ರಾಂತ್ಯದಲ್ಲಿ ಅವಸರಕ್ಕೆ ಕಟ್ಟಿದ ಕೆಲವು ಮನೆಗಳನ್ನು ಕೆಡವಿ ಮತ್ತೆ ಕಟ್ಟಬೇಕಾಯಿತು. ಸುರಿದ ದುಡ್ಡು ಹೋಗಲಿ, ಕಾದವರ ದಿನಗಳು ವಾಪಸ್ ಬರುತ್ತವಾ?

ಇನ್ನೊಂದು ವಿಷಯ ತಿಳಿದಿರಲಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಲ್ಲಿ 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳದಿಂದ ನೆಲೆ ಕಳೆದುಕೊಂಡವರು 12 ಕೋಟಿ 32 ಲಕ್ಷ ಜನ. ಅವರಲ್ಲಿ ಹೆಚ್ಚಿನವರು ಗಡಿ ದಾಟಿದವರಲ್ಲ, ತಮ್ಮ ದೇಶದೊಳಗೇ ಅಲೆಯುತ್ತಿರುವವರು. ಗಡಿ ದಾಟಿದವರಿಗೂ ಗಟ್ಟಿ ಮನೆ ಕಟ್ಟಿಕೊಡಲು ಎಲ್ಲ ಕಡೆ ಅನುಮತಿ ಇರುವುದಿಲ್ಲ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ರೋಹಿಂಗ್ಯಾ ಜನ ವರ್ಷಗಟ್ಟಲೆಯಿಂದ ಬಿದಿರು, ಟಾರ್ಪಾಲಿನ ಗುಡಿಸಲಲ್ಲೇ ಇದ್ದಾರೆ. ಇಂಥ ಕಡೆ, ಇನ್ನೂ ಯುದ್ಧ ನಡೆಯುತ್ತಿರುವ ಕಡೆ, ಎರಡು ವಾರಕ್ಕೆ ಹೋಗುವವರಿಗೆ ಕೆಲಸವಿಲ್ಲ. ಅಲ್ಲಿಗೆ ದುಡ್ಡೇ ಹೋಗಲಿ.

ಹೊರಡುವ ಮುನ್ನ ವೀಸಾ ವಿಚಾರಿಸಿ. ಸಂಬಳ ಇಲ್ಲದಿದ್ದರೂ ಪ್ರವಾಸಿ ವೀಸಾದಲ್ಲಿ ಇಂಥ ಕೆಲಸ ಮಾಡಲು ಎಷ್ಟೋ ದೇಶಗಳು ಬಿಡುವುದಿಲ್ಲ. ಧನುರ್ವಾಯು ಚುಚ್ಚುಮದ್ದು, ವಿಮೆ, ಗಟ್ಟಿ ಬೂಟು ಬೇಕೇ ಬೇಕು.

ಅಲ್ಲಿ ಇರುವಾಗ ಅವರ ಕಥೆಯನ್ನು ಕೆದಕಬೇಡಿ. ಯಾರನ್ನು ಕಳೆದುಕೊಂಡರು, ಹೇಗೆ ಓಡಿ ಬಂದರು ಅಂತ ಅವರಾಗೇ ಹೇಳಿದರೆ ಕೂತು ಕೇಳಿ. ಮಕ್ಕಳ ಫೋಟೋವನ್ನು ಅಪ್ಪ ಅಮ್ಮನನ್ನು ಕೇಳದೆ ತೆಗೆಯಬೇಡಿ. ಮನೆಬಿಟ್ಟು ಬಂದವರ ಫೋಟೋ ಎಲ್ಲೆಲ್ಲೋ ಹರಡಿದರೆ ಊರಲ್ಲಿ ಉಳಿದ ಅವರ ಕಡೆಯವರಿಗೆ ಅಪಾಯ ಆಗಬಹುದು. ಹೊರಡುವ ದಿನ ಮನಸ್ಸು ತುಂಬಿ ಬರುತ್ತದೆ, ಆಗಲೇ ಮತ್ತೆ ಬರುತ್ತೇನೆ, ಮಗುವನ್ನು ಓದಿಸುತ್ತೇನೆ ಅಂತೆಲ್ಲ ಬಾಯಿಗೆ ಬರುವುದು. ಅವರು ಆ ಮಾತನ್ನು ನಂಬಿ ಕಾಯುತ್ತಾರೆ. ಕೈಲಾಗುವುದನ್ನು ಮಾತ್ರ ಹೇಳಿ. ವಾಪಸ್ ಬಂದ ಮೇಲೆ ಅದೇ ಊರಿನ ಮುಂದಿನ ಮನೆಗೆ ತಿಂಗಳು ತಿಂಗಳು ಸ್ವಲ್ಪ ಹಣ ಕಳಿಸಲು ಆಗುತ್ತದಾ ನೋಡಿ, ಆಗ ನೀವು ಕೇಳಿದ ಎರಡೂ ಕೆಲಸ ಆದ ಹಾಗೆ.