ಅಮ್ಮನ ಹೆಸರಿನ ನಕ್ಷತ್ರ: ಹಣ ಕೊಟ್ಟರೆ ಸಿಗುವುದೇನು?

ಪ್ರಶ್ನೆ: ನಮ್ಮ ಅಮ್ಮ ತೀರಿಕೊಂಡು ಇನ್ನು ಕೆಲವು ತಿಂಗಳಲ್ಲಿ ಒಂದು ವರ್ಷವಾಗುತ್ತದೆ. ಇದ್ದಿದ್ದರೆ ಅವರಿಗೆ ಈಗ 65 ವರ್ಷ. ವರ್ಷಾಂತಿಕದ ಹೊತ್ತಿಗೆ ಅವರ ಹೆಸರನ್ನು ಒಂದು ನಕ್ಷತ್ರಕ್ಕೆ ಇಡಿಸಬೇಕೆಂದು ಅಮೆರಿಕದಲ್ಲಿರುವ ನನ್ನ ತಮ್ಮ ಒಂದು ಕಂಪನಿಯನ್ನು ಹುಡುಕಿದ್ದಾನೆ. ಹಣ ಕಟ್ಟಿದರೆ ಪ್ರಮಾಣಪತ್ರವನ್ನೂ ಆಕಾಶದ ನಕ್ಷೆಯನ್ನೂ ಕಳುಹಿಸುತ್ತಾರಂತೆ. ಅದು ನಿಜವಾಗಿಯೂ ಆ ನಕ್ಷತ್ರದ ಹೆಸರಾಗುತ್ತದೆಯೇ?

ಉತ್ತರ: ಇಲ್ಲ, ಆಗುವುದಿಲ್ಲ. ಆ ಹೆಸರು ಹಣ ಪಡೆದ ಕಂಪನಿಯ ಪುಸ್ತಕದಲ್ಲಿ ಇರುತ್ತದೆ, ನಿಮ್ಮ ಮನೆಯ ಗೋಡೆಯ ಮೇಲೆ ತೂಗುವ ಪ್ರಮಾಣಪತ್ರದಲ್ಲಿ ಇರುತ್ತದೆ. ಅದರಾಚೆಗೆ ಯಾವ ಖಗೋಳ ವಿಜ್ಞಾನಿಯೂ, ಯಾವ ವೀಕ್ಷಣಾಲಯವೂ ಆ ನಕ್ಷತ್ರವನ್ನು ಆ ಹೆಸರಿನಿಂದ ಗುರುತಿಸುವುದಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟದ್ದಕ್ಕೆ ಬೇಸರಿಸಬೇಡಿ. ಹಣ ಕಟ್ಟಿ, ಮನೆಯವರೆಲ್ಲರ ಮುಂದೆ ಆ ಕಾಗದವನ್ನು ತೆರೆದಿಟ್ಟ ಮೇಲೆ ಬೇರೆ ಯಾರದೋ ಬಾಯಿಂದ ಈ ಮಾತು ಕೇಳಿ ನೊಂದುಕೊಳ್ಳುವುದಕ್ಕಿಂತ ಈಗಲೇ ತಿಳಿದಿರುವುದು ಒಳ್ಳೆಯದು.

ಈ ವ್ಯಾಪಾರ ಹೊಸದಲ್ಲ. ಅಮೆರಿಕದಲ್ಲಿ ಇದನ್ನೇ ವೃತ್ತಿಯಾಗಿಸಿಕೊಂಡ ಪ್ರಮುಖ ಕಂಪನಿಯೊಂದು ಆರಂಭವಾದದ್ದು 1979ರಲ್ಲಿ. ಇಂಥ ಕಂಪನಿಗಳು ಮಾಡುವ ಕೆಲಸ ಸರಳವಾದದ್ದು. ಖಗೋಳ ವಿಜ್ಞಾನಿಗಳು ಎಲ್ಲರ ಬಳಕೆಗೆಂದು ಸಿದ್ಧಪಡಿಸಿಟ್ಟಿರುವ ಪಟ್ಟಿಗಳಲ್ಲಿ ಪ್ರತಿಯೊಂದು ನಕ್ಷತ್ರಕ್ಕೂ ಒಂದು ಸಂಖ್ಯೆಯಿದೆ, ಆಕಾಶದಲ್ಲಿ ಅದು ಎಲ್ಲಿದೆ ಎಂಬುದರ ಕರಾರುವಾಕ್ಕಾದ ಲೆಕ್ಕವಿದೆ. ಕಂಪನಿಯು ಅಂಥ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಆರಿಸಿ, ಅದರ ಮುಂದೆ ನೀವು ಕೊಟ್ಟ ಹೆಸರನ್ನು ತನ್ನ ದಾಖಲೆಯಲ್ಲಿ ಬರೆದುಕೊಂಡು, ಅದೇ ವಿವರವನ್ನು ಅಂದವಾಗಿ ಮುದ್ರಿಸಿ ನಿಮಗೆ ಕಳುಹಿಸುತ್ತದೆ. ಅದೇ ನಕ್ಷತ್ರವನ್ನು ಬೇರೊಂದು ಕಂಪನಿ ಬೇರೊಬ್ಬರಿಗೆ ಬೇರೊಂದು ಹೆಸರಿನಲ್ಲಿ ಮಾರುವುದನ್ನು ತಡೆಯುವ ಯಾವ ಏರ್ಪಾಡೂ ಇಲ್ಲ, ಏಕೆಂದರೆ ಒಬ್ಬರ ಪುಸ್ತಕಕ್ಕೂ ಇನ್ನೊಬ್ಬರ ಪುಸ್ತಕಕ್ಕೂ ಸಂಬಂಧವೇ ಇರುವುದಿಲ್ಲ.

ಕೆಲವು ಜಾಹೀರಾತುಗಳು ತಮ್ಮ ಪುಸ್ತಕಕ್ಕೆ ಅಮೆರಿಕದ ಕಾಪಿರೈಟ್ ಇದೆ ಎಂದು ಹೇಳಿಕೊಳ್ಳುವುದುಂಟು. ಓದಿದವರಿಗೆ ಸರ್ಕಾರವೇ ಹೆಸರನ್ನು ಒಪ್ಪಿಕೊಂಡಿದೆ ಎಂಬ ಭಾವನೆ ಬರುತ್ತದೆ. ಆದರೆ ಕಾಪಿರೈಟ್ ಎಂಬುದು ಪುಸ್ತಕವನ್ನು ಇನ್ನೊಬ್ಬರು ನಕಲು ಮಾಡದಂತೆ ಕಾಯುವ ಹಕ್ಕು ಮಾತ್ರ. ಬೆಂಗಳೂರಿನ ರಸ್ತೆಗಳಿಗೆಲ್ಲ ನನಗೆ ಇಷ್ಟಬಂದ ಹೆಸರುಗಳನ್ನಿಟ್ಟು ನಾನೊಂದು ಪುಸ್ತಕ ಅಚ್ಚುಹಾಕಿಸಿದರೆ ಆ ಪುಸ್ತಕದ ಹಕ್ಕು ನನ್ನದೇ ಆಗಿರುತ್ತದೆ, ರಸ್ತೆಯ ಫಲಕ ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ಈ ಬಗೆಯ ಮಾತುಗಳು ಜನರನ್ನು ದಾರಿತಪ್ಪಿಸುತ್ತವೆ ಎಂಬ ಕಾರಣಕ್ಕೇ ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಇಲಾಖೆ 1998ರಲ್ಲಿ ಇಂಥ ಒಂದು ಕಂಪನಿಯ ವಿರುದ್ಧ ಕ್ರಮಕ್ಕೆ ಮುಂದಾಗಿತ್ತು.

ಹಾಗಾದರೆ ನಕ್ಷತ್ರಗಳಿಗೆ ಹೆಸರಿಡುವವರು ಯಾರು? ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡನೆಯದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ.

ಮೊದಲನೆಯದು ಸಂಸ್ಥೆಯ ಉತ್ತರ. 1919ರಲ್ಲಿ ಸ್ಥಾಪನೆಯಾದ, ಪ್ಯಾರಿಸ್‌ನಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವನ್ನು ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಈ ವಿಷಯದಲ್ಲಿ ಒಪ್ಪಿಕೊಂಡಿದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೈನು ಬಪ್ಪು ಅವರು 1979ರಿಂದ 1982ರವರೆಗೆ ಈ ಒಕ್ಕೂಟದ ಅಧ್ಯಕ್ಷರಾಗಿದ್ದರು. ಒಕ್ಕೂಟವು ಹಣಕ್ಕೆ ಹೆಸರನ್ನು ಮಾರುವುದಿಲ್ಲ. ಮಾರಾಟವಾದ ಹೆಸರುಗಳಿಗೆ ಯಾವ ಮಾನ್ಯತೆಯೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ನಕ್ಷತ್ರಗಳ ಹೆಸರುಗಳಿಗೆಂದೇ ಅದು ಒಂದು ಸಮಿತಿಯನ್ನು ರಚಿಸಿದ್ದು 2016ರಲ್ಲಿ. ಬೇರೆ ಬೇರೆ ನಾಡುಗಳಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಹೆಸರುಗಳನ್ನು ಪರಿಶೀಲಿಸಿ, ಒಂದು ನಕ್ಷತ್ರಕ್ಕೆ ಒಂದೇ ಹೆಸರು ಎಂಬ ನಿಯಮದಂತೆ ಪಟ್ಟಿಗೆ ಸೇರಿಸುವುದು ಆ ಸಮಿತಿಯ ಕೆಲಸ. ನಮ್ಮ ಭರಣಿಯೂ ರೇವತಿಯೂ ಆ ಪಟ್ಟಿಯಲ್ಲಿವೆ ಎಂಬುದು ಸಂತೋಷದ ಸಂಗತಿ.

ಆ ಪಟ್ಟಿಯಲ್ಲಿರುವುದು ಕೆಲವೇ ನೂರು ಹೆಸರುಗಳು. ಬರಿಗಣ್ಣಿಗೆ ಕಾಣುವಷ್ಟು ಬೆಳಕಿರುವ ನಕ್ಷತ್ರಗಳು ಇಡೀ ಆಕಾಶದಲ್ಲಿ ಸುಮಾರು 9,000. ಯುರೋಪಿನ ಗಾಯಾ ಉಪಗ್ರಹ ಅಳೆದು 2022ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿರುವುದು ಸುಮಾರು 180 ಕೋಟಿ. ಉಳಿದವುಗಳಿಗೆಲ್ಲ ಅಕ್ಷರ ಮತ್ತು ಸಂಖ್ಯೆಗಳೇ ಗುರುತು. ಜರ್ಮನಿಯ ಯೋಹಾನ್ ಬಾಯರ್ 1603ರಲ್ಲಿ ಗ್ರೀಕ್ ಅಕ್ಷರಗಳನ್ನು ಬಳಸಿ ಆರಂಭಿಸಿದ ಕ್ರಮ ಇಂದಿಗೂ ನಡೆಯುತ್ತಿದೆ. ಹೆಸರಿಲ್ಲದ ನಕ್ಷತ್ರ ಅನಾಥವೆಂದು ನಮಗೆ ಅನ್ನಿಸಬಹುದು, ಆದರೆ ವಿಜ್ಞಾನಿಗೆ ಬೇಕಾದದ್ದು ಗೊಂದಲವಿಲ್ಲದ ಗುರುತು, ಮತ್ತು ಅದಕ್ಕೆ ಸಂಖ್ಯೆಯಷ್ಟು ಅನುಕೂಲವಾದದ್ದು ಬೇರೊಂದಿಲ್ಲ.

ಒಬ್ಬ ವ್ಯಕ್ತಿಯ ನೆನಪಿಗೆ ನಕ್ಷತ್ರವೊಂದಕ್ಕೆ ಅಧಿಕೃತವಾಗಿ ಹೆಸರಿಟ್ಟ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಒಕ್ಕೂಟಕ್ಕೆ ನೂರು ತುಂಬಿದ 2019ರಲ್ಲಿ, ಗ್ರಹವನ್ನು ಹೊಂದಿರುವ ಒಂದೊಂದು ನಕ್ಷತ್ರವನ್ನು ಒಂದೊಂದು ದೇಶಕ್ಕೆ ಒಪ್ಪಿಸಿ, ಅಲ್ಲಿನ ಜನರೇ ಹೆಸರು ಸೂಚಿಸಲಿ ಎಂದು ಕೇಳಲಾಯಿತು. ಭಾರತದ ಪಾಲಿಗೆ ಬಂದದ್ದು ಸುಮಾರು 340 ಜ್ಯೋತಿರ್ವರ್ಷ ದೂರದ ಎಚ್‌ಡಿ 86081. ಸಾರ್ವಜನಿಕರಿಂದ ಸಲಹೆಗಳನ್ನು ಪಡೆದು, ಮತದಾನ ನಡೆಸಿ, ಅದಕ್ಕೆ ಬಿಭಾ ಎಂದೂ, ಎರಡು ದಿನಗಳಿಗೊಮ್ಮೆ ಅದನ್ನು ಸುತ್ತುವ ಗ್ರಹಕ್ಕೆ ಸಂತಮಸ ಎಂದೂ ಹೆಸರಿಡಲಾಯಿತು. ಹೆಸರುಗಳನ್ನು ಸೂಚಿಸಿದವರಲ್ಲಿ ಒಬ್ಬ ಸೂರತ್ತಿನ ಕಾಲೇಜು ವಿದ್ಯಾರ್ಥಿ, ಇನ್ನೊಬ್ಬ ಪುಣೆಯ ಹದಿಮೂರರ ಹುಡುಗ. ಬಿಭಾ ಎಂದರೆ ಬಂಗಾಳಿಯಲ್ಲಿ ಬೆಳಕಿನ ಕಿರಣ. ಜೊತೆಗೆ ಅದು ಕಾಸ್ಮಿಕ್ ಕಿರಣಗಳನ್ನು ಅಭ್ಯಸಿಸಿದ ಭೌತ ವಿಜ್ಞಾನಿ ಬಿಭಾ ಚೌಧುರಿಯವರ ನೆನಪು. ಡಾರ್ಜಿಲಿಂಗ್ ಕಡೆಯ ಎತ್ತರದ ಬೆಟ್ಟಗಳಲ್ಲಿ ಫೋಟೊ ಫಲಕಗಳನ್ನಿಟ್ಟು ಕಣಗಳ ಜಾಡನ್ನು ಹಿಡಿದ ಆಕೆ, ಮುಂದೆ ನಮ್ಮ ಕೋಲಾರ ಚಿನ್ನದ ಗಣಿಯ ಪ್ರಯೋಗಗಳಲ್ಲಿಯೂ ತೊಡಗಿಕೊಂಡಿದ್ದರು. ಬದುಕಿದ್ದಾಗ ಅವರಿಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ, 1991ರಲ್ಲಿ ತೀರಿಕೊಂಡರು. ಈ ಹೆಸರಿಗಾಗಿ ಯಾರೂ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ ಎಂಬುದನ್ನು ಗಮನಿಸಿ.

ಕ್ಷುದ್ರಗ್ರಹಗಳ ಕ್ರಮ ಬೇರೆ. ಅವುಗಳಿಗೆ ಹೆಸರು ಸೂಚಿಸುವ ಅವಕಾಶ ಕಂಡುಹಿಡಿದವರಿಗಿದೆ, ಒಪ್ಪುವುದು ಒಕ್ಕೂಟದ ಸಮಿತಿ. ತಮಿಳುನಾಡಿನ ಕಾವಲೂರಿನಲ್ಲಿ 1988ರಲ್ಲಿ ಕಂಡ 4130ನೇ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರು ಬಂದದ್ದು ಹೀಗೆಯೇ. ಅಲ್ಲಿಯೂ ಹಣಕ್ಕೆ ಜಾಗವಿಲ್ಲ.

ಇನ್ನು ಎರಡನೆಯ ಉತ್ತರ. ಸಮಿತಿಗಳು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲಿನಿಂದಲೂ ನಕ್ಷತ್ರಗಳಿಗೆ ಹೆಸರಿಟ್ಟವರು ಅವುಗಳನ್ನು ದಿನವೂ ನೋಡುತ್ತಿದ್ದ ಜನ. ಮದುವೆಯ ದಿನ ವಧೂವರರನ್ನು ಅಂಗಳಕ್ಕೆ ಕರೆದು ಪುರೋಹಿತರು ಅರುಂಧತಿಯನ್ನು ತೋರಿಸುತ್ತಾರಲ್ಲ, ಆ ಮಸುಕು ಚುಕ್ಕಿಯನ್ನು ಅಂತರರಾಷ್ಟ್ರೀಯ ಪಟ್ಟಿ ಆಲ್ಕರ್ ಎನ್ನುತ್ತದೆ. ಹಾಗೆಂದು ನಮಗದು ಅರುಂಧತಿಯಲ್ಲದೆ ಹೋಗಲಿಲ್ಲ. ನಮ್ಮ ರೈತರು ಮಳೆಯನ್ನು ಗುರುತಿಸುವುದೇ ನಕ್ಷತ್ರದ ಹೆಸರಿನಿಂದ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬ ಪಂಚಾಂಗದ ಲೆಕ್ಕ ಹೊಲದಲ್ಲಿ ಭರಣಿ ಮಳೆ, ರೋಹಿಣಿ ಮಳೆ, ಮೃಗಶಿರ ಮಳೆ ಎಂದಾಗಿದೆ. “ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ” ಎನ್ನುವ ಅಜ್ಜನಿಗೆ ಆರಿದ್ರಾ ನಕ್ಷತ್ರ ಯಾವುದೆಂದು ಆಕಾಶದಲ್ಲಿ ತೋರಿಸಲು ಬಾರದಿರಬಹುದು, ಆದರೂ ಆ ಹೆಸರು ಅವನ ಬಿತ್ತನೆಯಲ್ಲಿ, ಅವನ ಚಿಂತೆಯಲ್ಲಿ ಬೆರೆತಿದೆ. ಹೆಸರೊಂದಕ್ಕೆ ಅರ್ಥ ಬರುವುದು ಅದನ್ನು ಕರೆಯುವವರು ಇದ್ದಾಗ. ಮಾರಾಟದ ಹೆಸರುಗಳ ನಿಜವಾದ ಕೊರತೆ ಮಾನ್ಯತೆಯದಲ್ಲ, ಬಳಕೆಯದು ಎಂದು ನಾನು ಹೇಳುವುದು ಇದಕ್ಕೇ.

ಈ ಮಾತಿಗೆ ಒಂದು ವಿಚಿತ್ರವಾದ ಸಾಕ್ಷಿಯಿದೆ. ಇಟಲಿಯ ಪಲೆರ್ಮೊ ವೀಕ್ಷಣಾಲಯ 1814ರಲ್ಲಿ ಪ್ರಕಟಿಸಿದ ನಕ್ಷತ್ರಗಳ ಪಟ್ಟಿಯಲ್ಲಿ, ನಾವು ಧನಿಷ್ಠಾ ಎಂದು ಕರೆಯುವ ಪುಟ್ಟ ಗುಂಪಿನ ಎರಡು ನಕ್ಷತ್ರಗಳ ಮುಂದೆ ಸುವಾಲೊಸಿನ್, ರೊಟಾನೆವ್ ಎಂಬ ಹಿಂದೆಂದೂ ಕೇಳದ ಹೆಸರುಗಳು ಕಾಣಿಸಿಕೊಂಡವು. ಯಾವ ಭಾಷೆಯ ಹೆಸರುಗಳಿವು ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಗುಟ್ಟನ್ನು ಒಡೆದವರು ಥಾಮಸ್ ವೆಬ್ ಎಂಬ ಇಂಗ್ಲಿಷ್ ಪಾದ್ರಿ. ವೀಕ್ಷಣಾಲಯದ ಸಹಾಯಕರಾಗಿದ್ದ ನಿಕೊಲೊ ಕಚಾತೋರೆಯವರ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿದರೆ ನಿಕೊಲಾಸ್ ವೆನಾಟರ್ ಆಗುತ್ತದೆ. ಅದರ ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ಈ ಎರಡು ಹೆಸರುಗಳು. ಗುಟ್ಟು ಬಯಲಾದ ಮೇಲೂ ನಕ್ಷೆ ಬರೆಯುವವರು ಅವನ್ನು ಕೈಬಿಡಲಿಲ್ಲ, ಆಕಾಶ ನೋಡುವವರು ಬಳಸುತ್ತಲೇ ಹೋದರು. ಹೀಗೆ ಇನ್ನೂರು ವರ್ಷ ಕಳೆದ ಮೇಲೆ, 2016ರಲ್ಲಿ, ಒಕ್ಕೂಟ ಅವನ್ನೇ ಅಧಿಕೃತ ಪಟ್ಟಿಗೆ ಸೇರಿಸಿತು. ಹುಟ್ಟಿನಲ್ಲಿ ಅವುಗಳಿಗೆ ಯಾವ ಅಧಿಕಾರವೂ ಇರಲಿಲ್ಲ.

ಕಂಪನಿಯ ಪ್ರಮಾಣಪತ್ರದಿಂದ ಆಗುವ ದೊಡ್ಡ ನಿರಾಸೆ ಹಣದ್ದಲ್ಲ. ಬರಿಗಣ್ಣಿಗೆ ಕಾಣುವ ಕೆಲವು ಸಾವಿರ ನಕ್ಷತ್ರಗಳು ಎಷ್ಟು ಜನರಿಗೆ ಸಾಕಾದಾವು? ಹಾಗಾಗಿ ಮಾರಾಟವಾಗುವವುಗಳಲ್ಲಿ ಬಹುಪಾಲು ದೂರದರ್ಶಕವಿಲ್ಲದೆ ಕಾಣದ ಮಸುಕು ನಕ್ಷತ್ರಗಳು. ಅಮ್ಮನ ನಕ್ಷತ್ರವನ್ನು ತೋರಿಸಿ ಎಂದು ಮೊಮ್ಮಕ್ಕಳು ಕೇಳಿದಾಗ ನೀವು ಆಕಾಶದ ಒಂದು ಮೂಲೆಯತ್ತ ಕೈ ತೋರಿಸಿ, ಅಲ್ಲೆಲ್ಲೋ ಇದೆ ಎಂದು ಹೇಳಬೇಕಾಗುತ್ತದೆ. ತಾರಾಲಯಕ್ಕೆ ಹೋಗಿ ಪ್ರಮಾಣಪತ್ರವನ್ನು ಮುಂದಿಟ್ಟರೆ, ದುಃಖದಲ್ಲಿರುವ ಮನೆಯವರಿಗೆ ನಿಜವನ್ನು ಹೇಗೆ ಹೇಳಲಿ ಎಂಬ ಸಂಕಟ ಅಲ್ಲಿಯ ಸಿಬ್ಬಂದಿಯದಾಗುತ್ತದೆ. ಈಗಾಗಲೇ ಅಂಥ ಪತ್ರ ತರಿಸಿಕೊಂಡ ಓದುಗರಿದ್ದರೆ ಅವರು ಅದನ್ನು ಹರಿದೆಸೆಯಬೇಕಾಗಿಲ್ಲ. ಪ್ರೀತಿಯಿಂದ ಕೊಟ್ಟ ಉಡುಗೊರೆಯಾಗಿ ಅದು ಗೋಡೆಯ ಮೇಲಿರಲಿ.

ನೀವು ಇನ್ನೂ ಹಣ ಕಟ್ಟಿಲ್ಲವಾದ್ದರಿಂದ ನನ್ನದೊಂದು ಸಲಹೆ. ನಕ್ಷತ್ರಗಳ ದೂರವನ್ನು ಜ್ಯೋತಿರ್ವರ್ಷದಲ್ಲಿ ಹೇಳುತ್ತೇವೆ, ಅಂದರೆ ಬೆಳಕು ಅಲ್ಲಿಂದ ಹೊರಟು ನಮ್ಮನ್ನು ತಲುಪಲು ಹಿಡಿಯುವ ವರ್ಷಗಳ ಲೆಕ್ಕದಲ್ಲಿ. ಲುಬ್ಧಕದಿಂದ ಸುಮಾರು ಎಂಟೂವರೆ ವರ್ಷ, ಶ್ರವಣದಿಂದ 17, ಅಭಿಜಿತ್‌ನಿಂದ 25, ಸ್ವಾತಿಯಿಂದ 37, ಬ್ರಹ್ಮಹೃದಯದಿಂದ 43. ಯಾರದೇ ವಯಸ್ಸಿಗೆ ಹೊಂದುವ ನಕ್ಷತ್ರವೊಂದನ್ನು ಹೀಗೆ ಹುಡುಕಿಕೊಳ್ಳಬಹುದು. ನಿಮ್ಮ ಪ್ರಶ್ನೆಯಲ್ಲಿ 65 ಎಂಬ ಸಂಖ್ಯೆಯನ್ನು ಕಂಡ ಕೂಡಲೇ ನನಗೆ ನೆನಪಾದದ್ದು ರೋಹಿಣಿ. ಅದರ ದೂರ ಸುಮಾರು 65 ಜ್ಯೋತಿರ್ವರ್ಷ. ಅಳತೆಯಲ್ಲಿ ಒಂದೆರಡು ವರ್ಷ ಆಚೀಚೆ ಇರಬಹುದು. ಈ ವರ್ಷ ನಿಮ್ಮ ಕಣ್ಣಿಗೆ ಬೀಳುವ ರೋಹಿಣಿಯ ಬೆಳಕು ಅಲ್ಲಿಂದ ಹೊರಟದ್ದು ನಿಮ್ಮ ಅಮ್ಮ ಹುಟ್ಟಿದ ಕಾಲದಲ್ಲಿ. ಅವರು ನಡೆಯಲು ಕಲಿತದ್ದು, ಶಾಲೆಗೆ ಹೋದದ್ದು, ಮದುವೆಯಾಗಿ ನಿಮ್ಮನ್ನೂ ನಿಮ್ಮ ತಮ್ಮನನ್ನೂ ಹೆತ್ತು ಬೆಳೆಸಿದ್ದು, ಇಷ್ಟೂ ಕಾಲ ಅದು ದಾರಿಯಲ್ಲಿತ್ತು.

ರೋಹಿಣಿಯನ್ನು ಗುರುತಿಸುವುದಕ್ಕೆ ದೂರದರ್ಶಕ ಬೇಡ, ನಗರದ ದೀಪಗಳ ನಡುವೆಯೂ ಅದು ಕಾಣುತ್ತದೆ. ಚಳಿಗಾಲದ ಸಂಜೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ವಾಯವ್ಯದ ಕಡೆಗೆ ಮುಂದುವರಿಸಿದರೆ, ಕೃತ್ತಿಕೆಯ ಗೊಂಚಲನ್ನು ಮುಟ್ಟುವ ಮೊದಲೇ ಕಿತ್ತಳೆಗೆಂಪಿನ ಒಂದು ಪ್ರಕಾಶಮಾನವಾದ ನಕ್ಷತ್ರ ಸಿಗುತ್ತದೆ; ಅದೇ ರೋಹಿಣಿ. ಮನೆಯೊಳಗೆ ನೀವು ಅದನ್ನು ಅಮ್ಮನ ಹೆಸರಿನಿಂದ ಕರೆದರೆ ತಡೆಯುವವರು ಯಾರೂ ಇಲ್ಲ. ಡಿಸೆಂಬರ್ ಆರಂಭದಲ್ಲಿ ಅದು ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಮೂಡಿ ರಾತ್ರಿಯಿಡೀ ಇರುತ್ತದೆ, ಮತ್ತು ಇಲ್ಲಿ ಬೆಳಗಾಗಿ ಅದು ಪಶ್ಚಿಮದಲ್ಲಿ ಇಳಿದ ಮೇಲೆ ಅಮೆರಿಕದಲ್ಲಿರುವ ನಿಮ್ಮ ತಮ್ಮನ ಸಂಜೆಯ ಆಕಾಶಕ್ಕೆ ಏರುತ್ತದೆ.