ಸೋಲಿಗರ ಕುಲ, ಎಲ್ಲೆ, ಯಜಮಾನಿಕೆ: ಕಾಡಿನ ಕಾನೂನು ಬಂದ ಮೇಲೆ ಏನಾಯ್ತು?

ಕಾಡಿನ ಬುಡಕಟ್ಟು ಜನ ಸೋಲಿಗರ ಬಗ್ಗೆ ಬರೆಯೋರು ಜೇನು, ಗೆಡ್ಡೆ ಗೆಣಸು ಅಂತ ಶುರು ಮಾಡಿ ಅಲ್ಲೇ ಮುಗಿಸಿಬಿಡ್ತಾರೆ, ಅವರ ಕುಲದ ಕಟ್ಟುಪಾಡು ಯಾಕೆ ಸಡಿಲ ಆಯ್ತು ಅಂತ ಕೇಳೋರು ಕಡಿಮೆ.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆ ಇರೋ ಈ ಜನರಲ್ಲಿ ತೇನೇರು, ಸೂರ್ಯರು, ಬೆಳ್ಳೇರು ಹೀಗೆ ಕುಲಗಳಿವೆ. ಒಂದೇ ಕುಲದೋರು ಅಣ್ಣ ತಂಗಿ ಲೆಕ್ಕ, ಅವರೊಳಗೆ ಮದುವೆ ಇಲ್ಲ. ದೇವರಿಗೂ ಈ ನೆಂಟಸ್ತಿಕೆ ಬಿಟ್ಟಿಲ್ಲ ನೋಡಿ, ತಮ್ಮ ಹುಡುಗಿ ಕುಸುಮಾಲೆಯನ್ನ ಕಟ್ಟಿಕೊಂಡೋನು ಅಂತ ಬಿಳಿಗಿರಿರಂಗನನ್ನ ಭಾವ ಅಂತಾನೇ ಕರೀತಾರೆ.

ಆದ್ರೆ ಕುಲದ ಬೇರು ಇರೋದು ನೆಲದಲ್ಲಿ. ಪ್ರತಿ ಕುಲಕ್ಕೂ ಕಾಡಲ್ಲಿ ತನ್ನದೇ ಎಲ್ಲೆ, ಅದರೊಳಗೆ ಅವರದ್ದೇ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿ ಅನ್ನೋ ನೀರಿನ ತಾಣ. ಆ ಜಾಗಗಳ ಪೂಜೆ ಆ ಕುಲದೋರದ್ದೇ, ಅಲ್ಲಿನ ಕಾಡನ್ನ ನೋಡಿಕೊಳ್ಳೋ ಹೊಣೆಯೂ ಅವರದ್ದೇ. ಪೋಡು ಅಂದ್ರೆ ಸೋಲಿಗರ ಊರು, ಅದಕ್ಕೆ ಯಜಮಾನ, ಪೂಜೆಗೆ ತಮ್ಮಡಿ ಅನ್ನೋ ಪೂಜಾರಿ ಇರ್ತಿದ್ರು. ಇಷ್ಟಪಟ್ಟ ಜೋಡಿ ಕಾಡಿಗೆ ಓಡಿಹೋಗಿ ವಾಪಸ್ ಬಂದ್ರೆ ಹಿರಿಯರು ಕೂತು ದಂಡ ಹಾಕಿ ಮದುವೆ ಒಪ್ಪೋರು. ಯಜಮಾನ ಅಂದ್ರೆ ಜಮೀನ್ದಾರ ಅಲ್ಲ, ಅವನೂ ಎಲ್ಲರ ಹಾಗೆ ರಾಗಿ ಬಿತ್ತಿ ಜೇನು ಇಳಿಸೋನೇ, ಮಾತಿಗೆ ತೂಕ ಇತ್ತು ಅಷ್ಟೇ, ನನಗೆ ಈ ವ್ಯವಸ್ಥೆಯಲ್ಲಿ ತುಂಬಾ ಹಿಡಿಸೋದು ಇದೇ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯ್ತು. ಜಾಗ ಬದಲಿಸ್ತಾ ಮಾಡ್ತಿದ್ದ ಬೇಸಾಯ ನಿಂತೋಯ್ತು, ಕಾಡಿನ ಒಣ ತರಗೆಲೆಗೆ ಬೆಂಕಿ ಹಾಕೋದೂ ನಿಂತೋಯ್ತು, ಕಾಡೊಳಗೆ ಚದುರಿದ್ದ ಮನೆಗಳನ್ನ ಒಂದು ಕಡೆ ತಂದು ಕಾಯಂ ಪೋಡು ಮಾಡಿದ್ರು, ಹೀಗಾಗಿ ಯಾವುದೋ ಕುಲದೋರು ಇನ್ಯಾವುದೋ ಕುಲದ ಎಲ್ಲೆಯಲ್ಲಿ ಮನೆ ಮಾಡೋ ಹಾಗಾಯ್ತು, ತಮ್ಮ ದೇವರ ಹತ್ರ ಹೋಗೋಕೆ ಇಲಾಖೆಯವರ ಒಪ್ಪಿಗೆ ಕಾಯೋ ಹಾಗಾಯ್ತು. ಕಾಡಲ್ಲಿ ಏನು ಮಾಡಬಹುದು ಅಂತ ಹೇಳೋನು ಗಾರ್ಡ್ ಆದ ಮೇಲೆ ಯಜಮಾನನ ಮಾತಿಗೆ ಏನು ಬೆಲೆ ಉಳಿಯುತ್ತೆ ಹೇಳಿ! ಸಿನಿಮಾ, ಶಾಲೆ, ಪೇಟೆ ಬಂದು ಹಳೇದೆಲ್ಲ ಹಾಳಾಯ್ತು ಅನ್ನೋರು ಈ ಮುಖ್ಯ ಕಾರಣನೇ ಮರೀತಾರೆ.

2006ರ ಅರಣ್ಯ ಹಕ್ಕು ಕಾಯ್ದೆ ಒಂದು ತಿರುವು. 2011ರಲ್ಲಿ ಒಂದು ಕಡೆ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಸಿಕ್ತು. ದೊಡ್ಡ ಗೆಲುವು ನಿಜ. ಆದ್ರೆ ಕಾಯ್ದೆ ಹಕ್ಕು ಕೊಡೋದು ಪೋಡಿನ ಗ್ರಾಮಸಭೆಗೆ, ಎಲ್ಲೆ ಇರೋದು ಕುಲದ ಹೆಸರಲ್ಲಿ, ಒಂದು ಪೋಡಲ್ಲಿ ಹಲವು ಕುಲ, ಒಂದು ಕುಲದೋರು ಹಲವು ಪೋಡಲ್ಲಿ. ಅದಕ್ಕೇ ಹಿರಿಯರು ಕಾಡು ಸುತ್ತಿ ತಮ್ಮ ಪವಿತ್ರ ತಾಣಗಳನ್ನ ನಕ್ಷೆಗೆ ಹಾಕಿಸಿದ್ದು ಅಷ್ಟು ಮುಖ್ಯ. ಇನ್ನು ಈ ಕಾಯ್ದೆ ಪ್ರಕಾರ ಮಾಡೋ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು, ಹಿರಿಯ ಗಂಡಸರೇ ಕೂತು ತೀರ್ಮಾನ ಮಾಡ್ತಿದ್ದ ಕಡೆ ಇದೂ ಸಣ್ಣ ಬದಲಾವಣೆ ಏನಲ್ಲ.