ಹೊಳೆ ಎಷ್ಟು ದೂರ ಅನ್ನೋದಕ್ಕಿಂತ ಎಷ್ಟು ಕೆಳಗೆ ಅಂತ ನೋಡಿ

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಘಟಪ್ರಭಾ ಹೊಳೆಯಿಂದ ಸುಮಾರು ಒಂದು ಕಿಲೋಮೀಟರ್ ದೂರದ ನಮ್ಮ ಹೊಲದಲ್ಲಿ ಮನೆ ಕಟ್ಟಬೇಕು ಅಂತ ಇದ್ದೇವೆ. ಅಷ್ಟು ದೂರ ನೀರು ಬರಲ್ಲ ಅಂತಾರೆ ಎಲ್ಲರೂ. ನಂಬಬಹುದಾ?

ಉತ್ತರ: ಬರೀ ದೂರ ನೋಡಿ ನಂಬಬೇಡಿ. ಹೊಳೆಸಾಲಿನ ಎರೆಭೂಮಿ ಅಂಗೈಯಂತೆ ಸಮ ಇರುತ್ತದೆ. ಹೊಳೆ ಒಮ್ಮೆ ದಂಡೆ ದಾಟಿದರೆ ಒಂದು ಕಿಲೋಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ದಂಡೆಗೆ ಅಂಟಿಕೊಂಡಂತೆ ಇದ್ದರೂ ದಿಬ್ಬದ ಮೇಲಿನ ಮನೆಗೆ ನೀರು ಮುಟ್ಟದೇ ಹೋಗಬಹುದು. ನೋಡಬೇಕಾದ್ದು ಎತ್ತರ.

ಅದಕ್ಕೆ 2019 ಇದೆಯಲ್ಲ. ಆ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದವು. ಊರೊಳಗೆ ಹೋಗಿ, ಗುಡಿ ಗೋಡೆ, ಶಾಲೆ, ಹಳೇ ಮನೆಯ ಚೌಕಟ್ಟು ನೋಡಿ, ನೀರು ಎಲ್ಲೀತನಕ ಬಂದಿತ್ತು ಅಂತ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ. ಮೂವರೂ ಕೈ ಇಟ್ಟ ಜಾಗ ಒಂದೇ ಆದರೆ ಅದೇ ಗುರುತು.

ಆಮೇಲೆ ಗೌಂಡಿಯನ್ನು ಕರೆಯಿರಿ, ಲೆವೆಲ್ ಪೈಪ್, ಅಂದರೆ ಒಳಗಿನ ನೀರು ಕಾಣುವ ಉದ್ದನೆ ಪೈಪ್, ತರೋದಕ್ಕೆ ಹೇಳಿ. ಪೈಪಿನಲ್ಲಿ ನೀರು ತುಂಬಿ, ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಒಂದು ತುದಿಯ ನೀರನ್ನು ಗೋಡೆಯ ಗುರುತಿಗೆ ಸರಿಯಾಗಿ ಹಿಡಿದರೆ, ಇನ್ನೊಂದು ತುದಿಯಲ್ಲಿ ನೀರು ನಿಂತ ಜಾಗ ಅಷ್ಟೇ ಎತ್ತರ. ಅಲ್ಲೊಂದು ಕೋಲು ನೆಟ್ಟು ಗೆರೆ ಎಳೆಯಿರಿ, ಮುಂದಕ್ಕೆ ಸಾಗಿ. ನಿಮ್ಮ ಜಾಗ ಮುಟ್ಟಿದಾಗ ಕೊನೆಯ ಗೆರೆ ನಿಮ್ಮ ಮೊಣಕಾಲಿಗೆ ಬಂತಾ, ಎದೆಗೆ ಬಂತಾ ಅನ್ನೋದು ಕಣ್ಣೆದುರೇ ಇರುತ್ತದೆ. ದೂರ ಜಾಸ್ತಿ ಇದ್ದರೆ ಪ್ರತಿ ಸಲ ಬೆರಳಷ್ಟು ತಪ್ಪಿದರೂ ಕೊನೆಗೆ ಅಡಿಗಟ್ಟಲೆ ತಪ್ಪಾಗಬಹುದು, ಆಗ ಸರ್ವೆಯವರ ಲೆವೆಲ್ ಯಂತ್ರವೇ ಒಳ್ಳೆಯದು. ಫೋನು ತೋರಿಸುವ ಎತ್ತರ ಈ ಕೆಲಸಕ್ಕೆ ಬೇಡ, ಅದು ಮೀಟರ್‌ಗಟ್ಟಲೆ ಹೆಚ್ಚುಕಡಿಮೆ ಹೇಳುತ್ತದೆ.

ಗುರುತಿಗಿಂತ ನೆಲ ಕೆಳಗಿದ್ದರೆ ನಾನಂತೂ ಅಲ್ಲಿ ಮನೆ ಬೇಡ ಅಂತೀನಿ. ಮೇಲಿದ್ದರೂ ಗರಸು ತುಂಬಿಸಿ ಎರಡು ಮೂರು ಅಡಿ ಎತ್ತರಿಸಿಕೊಳ್ಳಿ. 2019ಕ್ಕಿಂತ ಜಾಸ್ತಿ ನೀರು ಬರೋದೇ ಇಲ್ಲ ಅಂತ ಏನಿಲ್ಲ.

ಪಕ್ಕದಲ್ಲಿ ಹಳ್ಳ ಇದ್ದರೆ ಅದನ್ನೂ ನೋಡಿ. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೋಗಲು ದಾರಿ ಇರಲ್ಲ, ಹೊಳೆ ನೀರೇ ಹಳ್ಳದೊಳಗೆ ಹಿಂದಕ್ಕೆ ನುಗ್ಗುತ್ತದೆ. ಹೊಳೆ ಕಡೆ ಕಾಯುತ್ತಾ ಕೂತವರ ಹಿತ್ತಲಿಗೆ ನೀರು ಬರೋದು ಹೀಗೆ.

ಮೇಲೆ ಘಟಪ್ರಭಾಕ್ಕೆ ಕಟ್ಟಿದ ಹಿಡಕಲ್ ಡ್ಯಾಂ ಇದೆಯಲ್ಲ ಅಂತ ಕೇಳ್ತೀರಿ. ಅದು ತುಂಬುವ ತನಕ ತಡೆಯುತ್ತದೆ, ತುಂಬಿದ ಮೇಲೆ ಬಂದಷ್ಟು ಬಿಡಲೇಬೇಕು. ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳಂತೂ ಡ್ಯಾಂ ದಾಟಿದ ಮೇಲೆ ಘಟಪ್ರಭಾವನ್ನು ಕೂಡುತ್ತವೆ. ಹಾಗಾಗಿ ಮಳೆಗಾಲದಲ್ಲಿ ಬರೀ ಡ್ಯಾಂ ಹೊರಹರಿವು ನೋಡಬೇಡಿ, ಗೋಕಾಕದ ಲೋಳಸೂರ ಸೇತುವೆ ಹತ್ತಿರ ಎಷ್ಟು ನೀರಿದೆ ಅಂತ ಕೇಳಿ. ಅಲ್ಲಿಯ ನೀರೇ ಮುಂದೆ ನಿಮ್ಮ ಕಡೆ ಬರೋದು.

ಇನ್ನು ಗೋಡೆ. ಪ್ರವಾಹ ಆದ ಮೇಲೆ ಬಿದ್ದ ಮನೆಗಳನ್ನು ಹಾನಿ ಎಷ್ಟು ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿದ್ದರು ಅಲ್ವಾ, ಪಂಚಾಯ್ತಿಯಲ್ಲಿ ಆ ಪಟ್ಟಿ ಕೇಳಿ ನೋಡಿ. ಆದರೆ ಅದರಲ್ಲಿರುವ ಎಲ್ಲ ಮನೆಗೂ ಹೊಳೆ ನೀರು ಹೊಕ್ಕಿರಲ್ಲ, ಸುಮ್ನೆ ಜಡಿಮಳೆಗೆ ನೆನೆದು ಕುಸಿದವೂ ಇರುತ್ತವೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ ಇದ್ದರೆ ಎಷ್ಟು ಎತ್ತರದಲ್ಲಿದ್ದರೂ ಅಪಾಯವೇ. 1993ರಲ್ಲಿ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಅಷ್ಟೊಂದು ಜನ ಸತ್ತಿದ್ದು ಇಂಥ ಮನೆಗಳ ಕಲ್ಲು ಮಣ್ಣಿನಡಿ ಸಿಕ್ಕಿ.



ಒಂದು ಕೆಲಸ ಮಾತ್ರ ಬೇಗ ಮಾಡಿ. ಗುಡಿಗೆ ಸುಣ್ಣ ಬಳಿದರೆ ಗುರುತು ಹೋಯಿತು. ಊರವರನ್ನು ಕೇಳಿಕೊಂಡು, ನೀರು ಮುಟ್ಟಿದ ಜಾಗದಲ್ಲಿ ಎಣ್ಣೆ ಬಣ್ಣದ ಗೆರೆ ಎಳೆದು, ಪಕ್ಕದಲ್ಲಿ 2019 ಅಂತ ದಪ್ಪಗೆ ಬರೆದಿಡಿ.